ಒಂದೇ ಗೋಧಿಗೆ ಮೂವತ್ತು ಗಣಿತಗಳೇಕೆ?

ಪ್ರಶ್ನೆ: ಭೂಮಿಯ ಹವೆ ಬಿಸಿಯಾದರೆ ಬೆಳೆ ಎಷ್ಟು ಕುಗ್ಗೀತೆಂಬುದನ್ನು ಒಬ್ಬ ವಿಜ್ಞಾನಿಯೇ ಲೆಕ್ಕಹಾಕಿ ಹೇಳಬಾರದೆ? ಅದಕ್ಕೆ ಹಲವು ದೇಶದವರು ಕೂಡಬೇಕೇಕೆ?

ಉತ್ತರ: ಹೇಳಬಹುದು, ಆದರೆ ಆ ಒಂದು ಮಾತನ್ನೇ ನೆಚ್ಚಿಕೊಳ್ಳುವಂತಿಲ್ಲ. ಬೀಜ ಮೊಳೆತಂದಿನಿಂದ ತೆನೆ ಬಲಿಯುವವರೆಗೆ ದಿನದಿನದ ಬಿಸಿಲು, ಉಷ್ಣ, ಮಳೆ, ಮಣ್ಣಿನ ತೇವ, ಸಾರಜನಕ ಇವೆಲ್ಲವನ್ನೂ ಸಮೀಕರಣಗಳಲ್ಲಿ ಹಿಡಿದು ಪೈರಿನ ಬೆಳವಣಿಗೆಯನ್ನು ಗಣಕಯಂತ್ರದಲ್ಲಿ ಅನುಕರಿಸುವ ಮಾದರಿಗಳಲ್ಲಿ ಪ್ರತಿಯೊಂದೂ ತನ್ನ ಕರ್ತೃಗಳ ಊಹೆಗಳನ್ನು ಹೊತ್ತಿರುವುದರಿಂದ, ಒಂದೇ ಹೊಲಕ್ಕೆ ಒಂದೊಂದು ಮಾದರಿ ಒಂದೊಂದು ಇಳುವರಿಯನ್ನು ಹೇಳುವುದುಂಟು. ಈ ಭೇದವನ್ನು ಮುಚ್ಚಿಡದೆ ಒರೆಗೆ ಹಚ್ಚಬೇಕೆಂದೇ 2010ರಲ್ಲಿ ವಿಜ್ಞಾನಿ ಸಿಂಥಿಯಾ ರೋಸೆನ್‌ಜ್ವೈಗ್ ಮೊದಲಾದವರು 'ಆಗ್‌ಮಿಪ್' ಎಂಬ ಅಂತರರಾಷ್ಟ್ರೀಯ ಸಹಯೋಗವನ್ನು ಆರಂಭಿಸಿದರು.

ಇದರಲ್ಲಿ ಗೋಧಿಯ ಅಧ್ಯಯನವು ವಿಶೇಷ ಗೌರವಕ್ಕೆ ಪಾತ್ರವೆಂದು ನನ್ನ ಭಾವನೆ. ಅಮೆರಿಕದ ಅರಿಜೋನಾ ಪ್ರಾಂತದ ಮರಿಕೋಪದಲ್ಲಿ, ಗೋಧಿಗೆ ಸಲ್ಲದ ಕಾಲಗಳೂ ಸೇರಿದಂತೆ ವರ್ಷದ ಬೇರೆ ಬೇರೆ ಋತುಗಳಲ್ಲಿ ಬಿತ್ತಿ, ಕೆಲವು ಮಡಿಗಳ ಮೇಲೆ ಅವಕೆಂಪು ಕಿರಣದ ಹೀಟರುಗಳನ್ನು ತೂಗುಹಾಕಿ ಪೈರನ್ನು ಬೇಕೆಂದೇ ಕಾಯಿಸಿ, ಬಂದ ಫಲವನ್ನು ಅಳೆದಿಟ್ಟಿದ್ದರು. ಆ ಅಳತೆಗಳೊಡನೆ 30 ಮಾದರಿಗಳನ್ನು ಹೋಲಿಸಲಾಗಿ, ಯಾವ ಒಂಟಿ ಮಾದರಿಗಿಂತಲೂ ಅವೆಲ್ಲದರ ಮಧ್ಯಮಾಂಕವೇ ಸತ್ಯಕ್ಕೆ ಹೆಚ್ಚು ಸಮೀಪವಾಗಿತ್ತು. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಜಗತ್ತಿನ ಗೋಧಿಯ ಉತ್ಪತ್ತಿ ಸುಮಾರು ಶೇ. 6ರಷ್ಟು ಇಳಿದೀತೆಂದು 2015ರಲ್ಲಿ ಈ ಅಧ್ಯಯನದ ವಿಜ್ಞಾನಿಗಳು ಪ್ರಕಟಿಸಿದ್ದು ಈ ಪರಿಶ್ರಮದಿಂದಲೇ.

ಇಳುವರಿಯೊಂದೇ ಆಹಾರದ ಭದ್ರತೆಯಲ್ಲವಾದ್ದರಿಂದ, ಈ ಅಂಕಿಗಳನ್ನು ಅರ್ಥಶಾಸ್ತ್ರಜ್ಞರು ಕೈಗೆತ್ತಿಕೊಂಡು ಧಾನ್ಯದ ಬೆಲೆಯನ್ನೂ ದೇಶದೇಶಗಳ ವ್ಯಾಪಾರವನ್ನೂ ಗಣಿಸುತ್ತಾರೆ. ಕೊಂಡು ಉಣ್ಣುವ ಬಡವನಿಗೆ ಮೊದಲು ತಟ್ಟುವುದು ಆ ಬೆಲೆಯೇ.