ಮುಕೇಶನ ಚಿತ್ರ ಶತದಿನ ಓಡಿತೇ?

ದೀಪ ಆರಿತು. ಪರದೆ ಬೆಳಗಿತು. ಹೀರೋ ಹೆಸರು ಬರೋಕೆ ಮುಂಚೆಯೇ ಮುಂದಿನ ಸಾಲಿನಿಂದ ಕೂಗು: “ಬಂದ ಕಣ್ರೋ ಮುಕೇಶ!” ಹಿಂದೆಯೇ ಶಿಳ್ಳೆ, ಚಪ್ಪಾಳೆ, ನಗು...

ಚಿತ್ರರಸಿಕ ಮಿತ್ರರೇ, ಈ ಸೀನು ನಿಮಗೇನೂ ಹೊಸದಲ್ಲ. 2012ರ ಅಕ್ಟೋಬರ್ 2ರಿಂದೀಚೆಗೆ ಥಿಯೇಟರಿನ ಮೆಟ್ಟಿಲು ಹತ್ತಿದ ಯಾರನ್ನೇ ಕೇಳಿ, ಮುಕೇಶನನ್ನು ಬಲ್ಲರು. ಅವನ ಹಾಗೇ ದನಿ ಎಳೆದು ಮಾತಾಡೋ ಮಿಮಿಕ್ರಿ ಗೆಳೆಯ ಪ್ರತಿ ಗುಂಪಿನಲ್ಲೂ ಒಬ್ಬನಿದ್ದ. ನಮ್ಮ ಗುಂಪಿನಲ್ಲೂ ಇದ್ದ. ತೆರೆಯ ಮೇಲೆ ಮುಕೇಶ ಬಾಯಿ ಬಿಡೋ ಮುಂಚೆ ಇವನೇ ಶುರು ಹಚ್ಚಿಕೊಳ್ತಿದ್ದ. ಇಡೀ ಸಾಲು ಹೊಟ್ಟೆ ಹಿಡಿದುಕೊಂಡು ನಗೋದು. ಇಂಟರ್‌ವಲ್ ಗಂಟೆ ಹೊಡೆದೊಡನೆ ಅದೇ ಗೆಳೆಯ ಗೇಟಿನಾಚೆ ಬೀಡಾ ಅಂಗಡಿಯ ಮುಂದೆ ನಿಂತು ಕಡ್ಡಿ ಗೀರುತ್ತಿದ್ದ!

ಹಾಗಾದರೆ ಈ ಪ್ರಚಾರಚಿತ್ರ ಗೆದ್ದಿತೇ? ತೋಪೆದ್ದು ಹೋಯಿತೇ? ಶುಕ್ರವಾರ ಬಿಡುಗಡೆಯಾದ ಚಿತ್ರಕ್ಕೆ ಶನಿವಾರವೇ ಹಿಟ್ಟು, ಫ್ಲಾಪು ಅಂತ ಹಣೆಬರಹ ಬರೆಯೋ ನಾವು ಇದಕ್ಕೂ ಒಂದು ವಿಮರ್ಶೆ ಬರೆಯಬೇಡವೇ?

ಯಾರೀ ಮುಕೇಶ?

ಮೊದಲು ಒಂದು ಮಾತು. ಮುಕೇಶ ನಟನಲ್ಲ, ಅದು ಪಾತ್ರವೂ ಅಲ್ಲ. ಅವನು ಮಹಾರಾಷ್ಟ್ರದ ಹುಡುಗ. ಗುಟ್ಕಾ ಜಗಿದದ್ದು ಬರೀ ಒಂದು ವರ್ಷ ಅಂತ ಚಿತ್ರದಲ್ಲೇ ಹೇಳುತ್ತಾನೆ. ಬಾಯಿ ಕ್ಯಾನ್ಸರಾಗಿ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆ ಸೇರಿದ. 2009ರಲ್ಲಿ ತೀರಿಕೊಂಡಾಗ ವಯಸ್ಸು 24. ನಮ್ಮೂರ ಥಿಯೇಟರಿಗೆ ಅವನ ಮುಖ ಬಂದದ್ದು ಅವನು ಹೋಗಿ ಮೂರು ವರ್ಷವಾದ ಮೇಲೆ! ನಾವು ಅಣಕಿಸಿದ ದನಿ ಡಬ್ಬಿಂಗ್ ಕಲಾವಿದರದು. ಮುಖ ಮಾತ್ರ ಅವನದೇ.

ಮುಕೇಶ ಜಗಿದವನು, ಸೇದಿದವನಲ್ಲ. ಸಿಗರೇಟು ಹಿಡಿದ ಹುಡುಗರಿಗೆ ಇದೇ ಒಂದು ನೆಪವಾಯಿತು. “ಅವ್ನು ಗುಟ್ಕಾ ಕೇಸು ಗುರು, ನಮ್ದು ಬರೀ ಹೊಗೆ” ಅಂತ ತಪ್ಪಿಸಿಕೊಳ್ಳುತ್ತಿದ್ದರು. ಅಂಥವರಿಗೆಂದೇ ಜೊತೆಗೆ ‘ಸ್ಪಂಜು’ ಇತ್ತು. ಶ್ವಾಸಕೋಶವನ್ನು ಸ್ಪಂಜಿಗೆ ಹೋಲಿಸಿ, ಹಿಂಡಿದಾಗ ಇಳಿಯೋ ಕರಿ ಡಾಂಬರನ್ನು ತೋರಿಸೋ ಚಿತ್ರ. ಮೂಲ ಆಸ್ಟ್ರೇಲಿಯಾದ್ದು. 2013ರ ಅಕ್ಟೋಬರಿನಲ್ಲಿ ಇವೆರಡೂ ಹೋಗಿ ಹೊಸ ಜೋಡಿ ಬಂತು. “ಈ ನಗರಕ್ಕೆ ಏನಾಗಿದೆ” ಅನ್ನೋ ಡೈಲಾಗು ಆಗ ಮನೆಮಾತಾಯಿತು. ಎಷ್ಟರಮಟ್ಟಿಗೆ ಅಂದರೆ ತೆಲುಗಿನಲ್ಲಿ 2018ರಲ್ಲಿ ಆ ಸಾಲನ್ನೇ ಟೈಟಲ್ ಮಾಡಿಕೊಂಡು ಒಂದು ಚಿತ್ರವೇ ತೆರೆಗೆ ಬಂತು!

ಒಂದು ಸಣ್ಣ ಫ್ಲ್ಯಾಶ್‌ಬ್ಯಾಕ್

ಸರ್ಕಾರದ ಮೊದಲ ಸ್ಕ್ರಿಪ್ಟು ಬೇರೆಯೇ ಇತ್ತು. 2005ರಲ್ಲಿ ಕೇಂದ್ರ ಆರೋಗ್ಯ ಸಚಿವ ಅನ್ಬುಮಣಿ ರಾಮದಾಸ್, ತೆರೆಯ ಮೇಲೆ ಸಿಗರೇಟೇ ಕಾಣಿಸಬಾರದು ಅಂದರು. ಚಿತ್ರರಂಗ ಸಿಡಿದೆದ್ದಿತು. ನಿರ್ದೇಶಕ ಮಹೇಶ್ ಭಟ್ ಕೋರ್ಟಿಗೆ ಹೋದರು. 2009ರ ಜನವರಿಯಲ್ಲಿ ದೆಹಲಿ ಹೈಕೋರ್ಟು ನಿಷೇಧವನ್ನು ತಳ್ಳಿಹಾಕಿತು. ಆಮೇಲೆ ಬಂದದ್ದು ನಡುದಾರಿ: ಸೇದೋದನ್ನು ತೋರಿಸಿ, ಜೊತೆಗೆ ಎಚ್ಚರಿಕೆಯನ್ನೂ ತೋರಿಸಿ. ಚಿತ್ರದ ಆರಂಭದಲ್ಲೂ ಮಧ್ಯದಲ್ಲೂ ಕಡಿಮೆಯೆಂದರೆ 30 ಸೆಕೆಂಡಿನ ಆರೋಗ್ಯಚಿತ್ರ, 20 ಸೆಕೆಂಡಿನ ಎಚ್ಚರಿಕೆ, ಹೊಗೆ ಕಂಡಾಗಲೆಲ್ಲ ಪರದೆಯ ಕೆಳಗೊಂದು ಸಾಲು.

ಆ ಸಾಲಿಗೆ ಹೆದರಿದವರೂ ಇದ್ದಾರೆ. ಹಾಲಿವುಡ್ಡಿನ ವುಡಿ ಆಲನ್, ತನ್ನ ‘ಬ್ಲೂ ಜಾಸ್ಮಿನ್’ ಚಿತ್ರದ ಮೇಲೆ ಅಂಥ ಬರಹ ಬರಕೂಡದೆಂದು 2013ರಲ್ಲಿ ಭಾರತದ ಬಿಡುಗಡೆಯನ್ನೇ ಬಿಟ್ಟುಕೊಟ್ಟ!

ಗಲ್ಲಾಪೆಟ್ಟಿಗೆಯ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ಹೌಸ್‌ಫುಲ್ ಬೋರ್ಡು ಬಿದ್ದೊಡನೆ ಚಿತ್ರ ಗೆದ್ದಿತು ಅನ್ನೋದು ಅಭಿಮಾನಿ. ಐವತ್ತನೇ ದಿನಕ್ಕೂ ಜನ ಬರ್ತಾರಾ ಅಂತ ಕೇಳೋನು ಹಂಚಿಕೆದಾರ. ಆರೋಗ್ಯ ಪ್ರಚಾರದ ಲೆಕ್ಕವೂ ಹಾಗೆಯೇ. ಜನಕ್ಕೆ ಚಿತ್ರ ನೆನಪಿದೆಯೇ? ಅದು ಓಪನಿಂಗು. ಬಿಡಬೇಕು ಅಂತ ಅನ್ನಿಸಿತೇ? ಅದು ಇಂಟರ್‌ವಲ್. ಬಿಡೋಕೆ ಕೈಹಾಕಿದರೇ? ಅದು ಐವತ್ತನೇ ದಿನ. ಬಿಟ್ಟೇಬಿಟ್ಟರೇ? ಅದೇ ಶತದಿನೋತ್ಸವ.

ಓಪನಿಂಗಿನಲ್ಲಿ ಅನುಮಾನವೇ ಇಲ್ಲ. 2009ರ ಕೊನೆಯಲ್ಲಿ ಟಾಟಾ ಮೆಮೋರಿಯಲ್‌ನ ಶಸ್ತ್ರವೈದ್ಯರೊಬ್ಬರು ತಂಬಾಕು ಜಗಿದ ರೋಗಿಗಳನ್ನೇ ಮುಂದಿಟ್ಟು ಮಾತಾಡಿದ ಪ್ರಚಾರ, ಟಿವಿ ರೇಡಿಯೋಗಳಲ್ಲಿ ಆರು ವಾರ ನಡೆಯಿತು. ಮುಗಿದ ಮೇಲೆ ಸುಮಾರು 2,900 ಮಂದಿ ತಂಬಾಕು ಜಗಿಯುವವರನ್ನು ಮನೆಮನೆಗೆ ಹೋಗಿ ಕೇಳಿದರು. ಜಗಿಯೋದಷ್ಟೇ ಅಭ್ಯಾಸ ಇದ್ದವರಲ್ಲಿ 100ಕ್ಕೆ 63 ಮಂದಿಗೆ ಅದು ನೆನಪಿತ್ತು. ಜಗಿಯೋದು, ಸೇದೋದು ಎರಡೂ ಇದ್ದವರಲ್ಲಿ 72. ನೆನಪಿದ್ದವರಲ್ಲಿ ಮುಕ್ಕಾಲು ಪಾಲು ಜನ ತಮ್ಮ ಚಟದ ಬಗ್ಗೆ ಕಳವಳವಾಯಿತು ಅಂದರು. ಬಿಡಬೇಕೆಂಬ ಯೋಚನೆಯೂ ಪ್ರಯತ್ನವೂ ಅಂಥವರಲ್ಲೇ ಹೆಚ್ಚು ಕಂಡವು.

ಆದರೆ ಇಲ್ಲೊಂದು ಟ್ವಿಸ್ಟು. ಚಿತ್ರ ನೋಡಿ ಬಿಡಬೇಕು ಅನ್ನಿಸಿತೋ, ಬಿಡಬೇಕು ಅಂತಿದ್ದವರ ಮನಸ್ಸಿನಲ್ಲೇ ಚಿತ್ರ ಉಳಿಯಿತೋ? ಇದನ್ನು ಒಂದೇ ಸಮೀಕ್ಷೆಯಿಂದ ಬಿಡಿಸೋದು ಕಷ್ಟ.

ಇನ್ನು ಇಡೀ ದೇಶದ ಲೆಕ್ಕ. 2009–10ರಲ್ಲಿ ಒಂದು ಸಮೀಕ್ಷೆ, 2016–17ರಲ್ಲಿ ಇನ್ನೊಂದು. 15 ವರ್ಷ ದಾಟಿದ ಭಾರತೀಯರಲ್ಲಿ ತಂಬಾಕು ಬಳಸುವವರು 100ಕ್ಕೆ 34.6ರಿಂದ 28.6ಕ್ಕೆ ಇಳಿದರು. ಜನಸಂಖ್ಯೆ ಏರಿದ್ದರೂ ಬಳಸುವವರ ತಲೆ ಎಣಿಕೆಯಲ್ಲಿ 81 ಲಕ್ಷ ಕಡಿಮೆ! ನಮ್ಮ ಕರ್ನಾಟಕದಲ್ಲಿ 28.2ರಿಂದ 22.8ಕ್ಕೆ. ಎಲ್ಲಕ್ಕಿಂತ ಭರ್ಜರಿ ಇಳಿತ ಯಾರಲ್ಲಿ ಗೊತ್ತೇ? ನಿಮ್ಮಲ್ಲೇ! 15ರಿಂದ 24 ವರ್ಷದವರಲ್ಲಿ 18.4ರಿಂದ 12.4ಕ್ಕೆ.

ಹಾಗಾದರೆ ಹಾರ ಮುಕೇಶನ ಕೊರಳಿಗೇ? ತಡೆಯಿರಿ. ಇದು ಮಲ್ಟಿಸ್ಟಾರ್ ಚಿತ್ರ. ಈ ಎರಡು ಸಮೀಕ್ಷೆಗಳ ನಡುವೆ ಬೇರೆ ಪಾತ್ರಧಾರಿಗಳೂ ಬಂದರು. ತೆರಿಗೆ ಏರಿತು. 2013ರ ಮೇ 31ರಂದು ಕರ್ನಾಟಕ ಗುಟ್ಕಾ ನಿಷೇಧಿಸಿತು. 2016ರ ಏಪ್ರಿಲ್‌ನಿಂದ ಪ್ಯಾಕಿನ 100ಕ್ಕೆ 85 ಭಾಗ ಎಚ್ಚರಿಕೆಯ ಚಿತ್ರ ಬಂತು. ಪ್ಯಾಕಿನ ಎಚ್ಚರಿಕೆ ನೋಡಿ ಬಿಡೋ ಯೋಚನೆ ಬಂತು ಅಂದ ಸಿಗರೇಟು ಸೇದುವವರು 38ರಿಂದ 62ರ ಹತ್ತಿರಕ್ಕೆ ಏರಿದರು.

ಇಲ್ಲಿವರೆಗೂ ಶಿಳ್ಳೆ ಹೊಡೆಯಬಹುದು. ಆದರೆ ಐವತ್ತನೇ ದಿನದ ಲೆಕ್ಕ ನೋಡಿ. ಹಿಂದಿನ ಒಂದು ವರ್ಷದಲ್ಲಿ ಬಿಡೋಕೆ ಪ್ರಯತ್ನಪಟ್ಟ ಸೇದುಗರು ಮೊದಲ ಸಮೀಕ್ಷೆಯಲ್ಲಿ 100ಕ್ಕೆ 38.4. ಎರಡನೆಯದರಲ್ಲಿ? 38.5! ಏಳು ವರ್ಷದಲ್ಲಿ ಅಲುಗಾಡಲೇ ಇಲ್ಲ. ಯೋಚನೆ ಮಾಡಿದವರು ಹೆಚ್ಚಾದರು, ಕೈಹಾಕಿದವರು ಹೆಚ್ಚಾಗಲಿಲ್ಲ. ಚಿತ್ರ ನಿಂತದ್ದು ಇಲ್ಲೇ.

ಹೀರೋ ಎದುರು ಮೂವತ್ತು ಸೆಕೆಂಡು

ಯಾಕೆ ನಿಂತಿತು? ಒಂದು ಕಾರಣ ನಮ್ಮ ಹೀರೋನೇ! ಮುಕೇಶನಿಗೆ ಸಿಕ್ಕಿದ್ದು ಅರ್ಧ ನಿಮಿಷ. ಹೀರೋಗೆ ಎರಡೂವರೆ ಗಂಟೆ. ಸ್ಲೋ ಮೋಷನ್, ಹಿನ್ನೆಲೆ ಸಂಗೀತ, ಬಾಯಿಂದ ಸುರುಳಿ ಸುರುಳಿ ಹೊಗೆ... ಕೆಳಗಿನ ಎಚ್ಚರಿಕೆಯ ಸಾಲನ್ನು ಆಗ ಯಾರು ಓದ್ತಾರೆ?

ಇದು ಬರೀ ಬಾಯಿಮಾತಲ್ಲ. 2009ರಲ್ಲಿ ದೆಹಲಿಯ 12 ಶಾಲೆಗಳ ಸುಮಾರು 4,000 ಮಕ್ಕಳನ್ನು ಕೇಳಿ ನೋಡಿದರು. ತೆರೆಯ ಮೇಲೆ ತಂಬಾಕನ್ನು ಅತಿ ಹೆಚ್ಚು ನೋಡಿದ ಮಕ್ಕಳು, ಅತಿ ಕಡಿಮೆ ನೋಡಿದವರಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿ ತಂಬಾಕಿನ ರುಚಿ ನೋಡಿದ್ದರು.

ನಮ್ಮ ಬೆಂಗಳೂರಿನ ಬಸ್ಸಿನಲ್ಲಿ ಟಿಕೆಟ್ ಹರಿದ ರಜನೀಕಾಂತ್ ತೆರೆಯ ಮೇಲೆ ಸಿಗರೇಟು ಹಾರಿಸಿ ತುಟಿಗೆ ಹಿಡಿದದ್ದನ್ನು ಕನ್ನಡಿ ಮುಂದೆ ಅಭ್ಯಾಸ ಮಾಡಿದವರು ಎಷ್ಟು ಮಂದಿ! 2007ರ ‘ಶಿವಾಜಿ’ಯಲ್ಲಿ ಅದೇ ರಜನಿ ಸಿಗರೇಟಿನ ಬದಲು ಚೂಯಿಂಗ್ ಗಮ್ ಹಾರಿಸಿದರು. ಸ್ಟೈಲು ಒಂದಿಷ್ಟೂ ಕಮ್ಮಿ ಆಗಲಿಲ್ಲ. ಇನ್ನು ಅಣ್ಣಾವ್ರು? ಕುಡಿಯದ, ಸೇದದ ನಾಯಕ ಅನ್ನೋ ಹೆಸರಿನಲ್ಲೇ ಕೋಟ್ಯಂತರ ಜನರ ಎದೆ ಗೆದ್ದರು. ಹೊಗೆ ಇಲ್ಲದಿದ್ದರೆ ಹೀರೋಯಿಸಂ ಇಲ್ಲ ಅನ್ನೋರಿಗೆ ಇದಕ್ಕಿಂತ ಉತ್ತರ ಬೇಕೇ? ಆದರೂ 2021ರ ಜನವರಿಯಲ್ಲಿ ‘ಕೆ.ಜಿ.ಎಫ್’ ಎರಡನೇ ಭಾಗದ ಟೀಸರ್ ಬಂದಾಗ, ಅದರಲ್ಲಿನ ಸಿಗರೇಟಿನ ದೃಶ್ಯಕ್ಕೆ ನಮ್ಮ ರಾಜ್ಯದ ತಂಬಾಕು ನಿಯಂತ್ರಣ ಘಟಕ ಯಶ್ ಅವರಿಗೆ ನೋಟೀಸು ಕೊಡಬೇಕಾಯಿತು.

ಗೇಟಿನಾಚೆಯ ಖಳನಾಯಕ

ಎರಡನೇ ಕಾರಣ ಗೇಟಿನಾಚೆ ಇದೆ. ಹೊಗೆ ಎಳೆದ ಹತ್ತೇ ಸೆಕೆಂಡಿಗೆ ನಿಕೋಟಿನ್ ಮಿದುಳು ಮುಟ್ಟುತ್ತೆ. ಅಂಥ ಖಳನಾಯಕನನ್ನು ಬರೀ ಹೆದರಿಸಿ ಓಡಿಸೋಕೆ ಆಗುತ್ತದೆಯೇ? ಯಾರ ನೆರವೂ ಇಲ್ಲದೆ ಬಿಡೋಕೆ ಹೊರಟವರಲ್ಲಿ ಆರು ತಿಂಗಳು, ವರ್ಷ ತಡೆದುಕೊಂಡು ಗೆಲ್ಲೋರು 100ಕ್ಕೆ ಮೂರರಿಂದ ಐದು ಮಂದಿ ಅಷ್ಟೇ. ಮುಕೇಶ ಹೆದರಿಸಿದ, ಸರಿ. ಹೆದರಿದವನು ಎಲ್ಲಿಗೆ ಹೋಗಬೇಕು?

ಅದಕ್ಕೂ ಉತ್ತರ ಬಂತು, ತಡವಾಗಿ. 2016ರಲ್ಲಿ 1800-11-2356 ಅನ್ನೋ ಉಚಿತ ಫೋನ್ ಸೇವೆ ಶುರುವಾಯಿತು. 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಿಂದ ನಂಬರನ್ನು ಪ್ಯಾಕಿನ ಮೇಲೇ ಅಚ್ಚು ಹಾಕಿದರು. ಆದರೆ ಬಸ್ ಸ್ಟ್ಯಾಂಡಿನ ಹುಡುಗ ಪ್ಯಾಕು ಎಲ್ಲಿ ಕೊಳ್ತಾನೆ? ಒಂದೇ ಒಂದು ಬಿಡಿ ಸಿಗರೇಟು! ಅಂಗಡಿಯವನ ಕೈಯಿಂದ ನೇರ ತುಟಿಗೆ. ಎಚ್ಚರಿಕೆಯ ಚಿತ್ರವೂ ಫೋನ್ ನಂಬರೂ ಡಬ್ಬದಲ್ಲೇ ಉಳಿದವು. ಬಿಡಿ ಮಾರಾಟವನ್ನು ನಮ್ಮ ರಾಜ್ಯ 2017ರಲ್ಲೇ ನಿಷೇಧಿಸಿತು. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆ 21 ವರ್ಷದೊಳಗಿನವರಿಗೆ ಮಾರಕೂಡದು ಅಂದಿತು. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡವನ್ನು 1,000 ರೂಪಾಯಿವರೆಗೆ ಏರಿಸಿತು. ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಬೀಡಾ ಅಂಗಡಿವರೆಗೂ ಬರಬೇಕು.

ಕ್ಲೈಮ್ಯಾಕ್ಸ್

ನಮ್ಮ ಮಿಮಿಕ್ರಿ ಗೆಳೆಯನ ಕಥೆ ಬಾಕಿ ಇದೆಯಲ್ಲ? ಅವನು ಮೂರು ಸಲ ಬಿಟ್ಟ, ಮೂರು ಸಲವೂ ಮತ್ತೆ ಹಿಡಿದ. ನಾಲ್ಕನೇ ಸಲ ಮಗಳು ಹುಟ್ಟಿದಾಗ, ಯಾರಿಗೂ ಹೇಳದೆ ಆ ನಂಬರಿಗೆ ಫೋನು ಹಚ್ಚಿದ. ಮೊದಲ ವಾರ ಹೆಂಡತಿ ಮೇಲೆ ರೇಗಿದ, ರಾತ್ರಿ ನಿದ್ದೆ ಬರಲಿಲ್ಲ. ಆ ಕಡೆಯ ದನಿ ಮಾತ್ರ ಕೈಬಿಡಲಿಲ್ಲ. ಈಗ ಬಿಟ್ಟು ಎರಡು ವರ್ಷ.

ಈ ಲೇಖನ ಬರೆಯೋ ಮುಂಚೆ ಅವನನ್ನೇ ಕೇಳಿದೆ: “ಮುಕೇಶನ್ನ ನೋಡಿ ಬಿಟ್ಟೆ ಅಂತ ಬರೀಲೇನೋ?”

“ಹಂಗೆಲ್ಲ ಬರೀಬೇಡ ಕಣೋ, ಸುಳ್ಳಾಗುತ್ತೆ,” ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದ: “ಆದ್ರೆ ಅಷ್ಟು ವರ್ಷ ಅವನ ದನಿ ಮಾಡ್ದೆ ನೋಡು, ಮಗು ಎತ್ಕೊಂಡಾಗ ಅವನ ಮುಖಾನೇ ಕಣ್ಣ್ ಮುಂದೆ ಬಂತು. ಅವತ್ತಿಂದ ದನಿ ಮಾಡಿಲ್ಲ.”

ನಮ್ಮ ತೀರ್ಪು ಇಷ್ಟು, ಪ್ರೇಕ್ಷಕ ಮಹಾಪ್ರಭುಗಳೇ. ಓಪನಿಂಗ್ ಭರ್ಜರಿ. ಫಸ್ಟ್ ಹಾಫ್ ಚೆನ್ನಾಗಿದೆ. ಸೆಕೆಂಡ್ ಹಾಫ್ ಮುಕೇಶ ಒಬ್ಬನಿಂದ ಸಾಧ್ಯವಿಲ್ಲ. ಅದಕ್ಕೆ ಫೋನಿನ ಆ ಕಡೆಯ ದನಿ ಬೇಕು, ಬೀಡಾ ಅಂಗಡಿಯಲ್ಲಿ ಕಾನೂನು ಬೇಕು, ತೆರೆಯ ಮೇಲೆ ಹೊಗೆ ಬಿಡದ ಹೀರೋ ಬೇಕು. ಶತದಿನದ ಫಲಕ ಇನ್ನೂ ಖಾಲಿಯಿದೆ.

ಮುಂದಿನ ಸಲ ಥಿಯೇಟರಿನಲ್ಲಿ ಅಂಥ ಒಂದು ಮುಖ ಬಂದಾಗ ಬೇಕಾದರೆ ನಗಿ. ಇಂಟರ್‌ವಲ್‌ನಲ್ಲಿ ಮಾತ್ರ ಗೇಟು ದಾಟಬೇಡಿ. ಒಳಗೇ ಕಡಲೆಕಾಯಿ ಸಿಗುತ್ತೆ!