ಗುಂಡಿ ಮುಚ್ಚಿದ ಮೇಲೂ ಮಣ್ಣು ಮಿಕ್ಕರೆ ಸೈಟು ಒಳ್ಳೆಯದೇ? ಎರೆಭೂಮಿಯಲ್ಲಿ ಇಷ್ಟನ್ನೇ ನಂಬಬೇಡಿ

"ಸೈಟು ಕೊಳ್ಳುವ ಮುನ್ನ ಒಂದು ಮೊಳ ಆಳದ ಗುಂಡಿ ತೋಡಿ. ತೆಗೆದ ಮಣ್ಣನ್ನೇ ಮತ್ತೆ ತುಂಬಿ. ಮಣ್ಣು ಮಿಕ್ಕರೆ ಜಾಗ ಉತ್ತಮ, ಸಮವಾದರೆ ಮಧ್ಯಮ, ಸಾಲದಿದ್ದರೆ ಬೇಡ." ಮನೆ ಕಟ್ಟುವವರಿಗೆ ಇಂಥ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಒಮ್ಮೆಯಾದರೂ ಬಂದಿರುತ್ತದೆ. ಸಲಹೆ ಹೊಸದೇನಲ್ಲ, ವರಾಹಮಿಹಿರನ ಬೃಹತ್ಸಂಹಿತೆಯಲ್ಲೇ ಇದೆ. ಆದರೆ ಇದನ್ನು ನಂಬಿ ಜೀವಮಾನದ ಉಳಿತಾಯ ಹಾಕಬಹುದೇ? ನೋಡೋಣ.

ಸಂದೇಶದಲ್ಲಿ ಎಷ್ಟು ನಿಜ?

ಸ್ವಲ್ಪ ನಿಜವಿದೆ. ಗಟ್ಟಿಯಾಗಿ ಕೂತ ಮಣ್ಣನ್ನು ಅಗೆದಾಗ ಅದು ಹೆಂಟೆ ಹೆಂಟೆಯಾಗಿ ಸಡಿಲವಾಗುತ್ತದೆ, ನಡುವೆ ಗಾಳಿ ಸೇರಿಕೊಳ್ಳುತ್ತದೆ. ಹಾಗಾಗಿ ಗುಂಡಿ ತುಂಬಿದರೂ ಮಣ್ಣು ಮಿಗುತ್ತದೆ. ಹಳ್ಳ ಅಥವಾ ಹಳೆಯ ಕೆರೆಯಂಗಳವನ್ನು ಈಚೆಗೆ ಮಣ್ಣು ಸುರಿದು ಮುಚ್ಚಿದ್ದರೆ, ಆ ಮಣ್ಣು ಮೊದಲೇ ಸಡಿಲವಾಗಿರುತ್ತದೆ. ತುಳಿದು ತುಂಬಿದಾಗ ಸಾಲದೆಯೂ ಹೋಗಬಹುದು.

ಅಂದರೆ ಈ ಪರೀಕ್ಷೆ ತಿಳಿಸುವುದು ಮೇಲಿನ ಒಂದು ಮೊಳ ಮಣ್ಣು ಇವತ್ತು ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಮಾತ್ರ. ನೀರು ಬಿದ್ದಾಗ ಅದೇ ಮಣ್ಣು ಏನಾಗುತ್ತದೆ ಎಂಬುದನ್ನು ತಿಳಿಸುವುದಿಲ್ಲ. ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಮನೆ ಉಳಿಯುವುದೂ ಬಿರುಕು ಬಿಡುವುದೂ ನಿಂತಿರುವುದು ಇದರ ಮೇಲೆಯೇ.

ಎರೆಮಣ್ಣು ಮೋಸ ಮಾಡುವುದು ಹೇಗೆ?

ವಿಜಯಪುರ, ಕಲಬುರಗಿ, ಬಾಗಲಕೋಟೆ, ರಾಯಚೂರು, ಗದಗ, ಧಾರವಾಡ ಕಡೆಯವರಿಗೆ ಈ ಕಪ್ಪು ಮಣ್ಣು ಗೊತ್ತೇ ಇದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲ ಬಿರಿಯುತ್ತದೆ, ಮಳೆಗಾಲದಲ್ಲಿ ಕಾಲಿಗೆ ಅಂಟಿ ಬಿಡುವುದಿಲ್ಲ. ಇದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಕಣಗಳು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುತ್ತವೆ. ಪದರಗಳ ನಡುವೆ ನೀರು ಹೊಕ್ಕರೆ ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ. ನೀರು ಹಿಡಿದಿಡುವ ಈ ಗುಣದಿಂದಲೇ ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ ಬೆಳೆಯುತ್ತವೆ. ಬೆಳೆಗೆ ವರವಾದದ್ದು ಗೋಡೆಗೆ ಕಂಟಕ.

ಈಗ ಏಪ್ರಿಲ್‌ನಲ್ಲಿ ಇಲ್ಲಿ ಗುಂಡಿ ತೋಡಿ ನೋಡಿ. ಒಣಗಿದ ಎರೆಮಣ್ಣು ಕಲ್ಲಿನಂತಿರುತ್ತದೆ, ಅಗೆದರೆ ದೊಡ್ಡ ಹೆಂಟೆಗಳೇ ಬರುತ್ತವೆ, ತುಂಬಿದಾಗ ಧಾರಾಳವಾಗಿ ಮಿಗುತ್ತದೆ. ಸಂದೇಶದ ಪ್ರಕಾರ ಸೈಟು "ಉತ್ತಮ"! ಗುಂಡಿಗೆ ನೀರು ತುಂಬಿ, ನೂರು ಹೆಜ್ಜೆ ನಡೆದು ಬಂದು, ನೀರು ಇಳಿಯದಿದ್ದರೆ ಒಳ್ಳೆಯದು ಎನ್ನುವ ಇನ್ನೊಂದು ಪರೀಕ್ಷೆಯೂ ಇದೆ. ಮಳೆಗಾಲದಲ್ಲಿ ಆಗಲೇ ನೆನೆದು ಉಬ್ಬಿದ ಎರೆಮಣ್ಣಿನಲ್ಲಿ ನೀರು ಇಳಿಯುವುದೇ ಇಲ್ಲ. ಅಲ್ಲೂ ಸೈಟು ಪಾಸು.

"ಒಂದೇ ಅಂತಸ್ತು, ಅದಕ್ಕೇನು?"

ಇದು ಇನ್ನೊಂದು ತಪ್ಪು ತಿಳಿವಳಿಕೆ. ಉಬ್ಬುವ ಮಣ್ಣು ಪಾಯವನ್ನು ಮೇಲಕ್ಕೆ ತಳ್ಳುತ್ತದೆ. ಅದನ್ನು ಅದುಮಿ ಹಿಡಿಯುವಷ್ಟು ಭಾರ ಸಣ್ಣ ಮನೆಗೆ ಇರುವುದಿಲ್ಲ. ಜೊತೆಗೆ ಮನೆಯ ಸುತ್ತಲಿನ ಮಣ್ಣು ಮಳೆಗೆ ನೆನೆಯುತ್ತದೆ, ನಡುಮನೆಯ ಕೆಳಗಿನದು ಅಷ್ಟು ನೆನೆಯುವುದಿಲ್ಲ. ಒಂದು ಕಡೆ ಏರಿ ಇನ್ನೊಂದು ಕಡೆ ಏರದಿದ್ದರೆ ಗೋಡೆ ಸೀಳಲೇಬೇಕು. ಗಿಲಾವು ಎಷ್ಟು ಸಲ ಮಾಡಿಸಿದರೂ ಬಿರುಕು ಮರಳಿ ಬರುವುದು ಇದರಿಂದಲೇ.

ಹಾಗಾದರೆ ಏನು ಮಾಡಬೇಕು?

ಮೊದಲು ಅಕ್ಕಪಕ್ಕದ ಹಳೆಯ ಮನೆಗಳನ್ನು ನೋಡಿ. ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ವಾಲಿದ ಕಾಂಪೌಂಡು, ಮಳೆಗಾಲದಲ್ಲಿ ಮಾತ್ರ ಬಿಗಿಯಾಗುವ ಬಾಗಿಲು ಕಂಡರೆ ಎಚ್ಚರ. ಎಷ್ಟು ಅಡಿಗೆ ಗರಸು ಅಥವಾ ಕಲ್ಲು ಸಿಗುತ್ತದೆ ಎಂದು ಊರಿನ ಗೌಂಡಿಗಳನ್ನೂ ಬಾವಿ ತೋಡಿಸಿದವರನ್ನೂ ಕೇಳಿ.

ನಂತರ ಮಣ್ಣು ಪರೀಕ್ಷೆ ಮಾಡಿಸಿ. ಸಿವಿಲ್ ಎಂಜಿನಿಯರಿಂಗ್ ಪ್ರಯೋಗಾಲಯಗಳಲ್ಲಿ ಉಬ್ಬುವಿಕೆಯನ್ನು ಅಳೆಯುತ್ತಾರೆ. ಒಣಗಿಸಿ ಸೋಸಿದ 10 ಗ್ರಾಂ ಮಣ್ಣನ್ನು ನೀರಿನಲ್ಲಿ, ಇನ್ನೊಂದು 10 ಗ್ರಾಂ ಮಣ್ಣನ್ನು ಸೀಮೆಎಣ್ಣೆಯಲ್ಲಿ ಹಾಕಿ ಸುಮಾರು 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅದಕ್ಕಿಂತ ನೀರಿನಲ್ಲಿರುವ ಮಣ್ಣು ಶೇ. 50ಕ್ಕೂ ಹೆಚ್ಚು ಜಾಗ ತುಂಬಿದ್ದರೆ ಮಾಮೂಲಿ ಪಾಯ ಹಾಕುವ ಮುನ್ನ ಎಂಜಿನಿಯರ್ ಸಲಹೆ ಬೇಕೇ ಬೇಕು.

ಒಂದು ಗೊಂದಲ ಬೇಡ. ಕೇಂದ್ರ ಸರ್ಕಾರ 2015ರಲ್ಲಿ ತಂದ ಮಣ್ಣು ಆರೋಗ್ಯ ಕಾರ್ಡ್ ಸಾರಜನಕ, ರಂಜಕ, ಸತು, ರಸಸಾರ ಮುಂತಾದ 12 ಅಂಶಗಳನ್ನು ತಿಳಿಸುತ್ತದೆ. ಹೊಲಕ್ಕೂ ತೋಟಕ್ಕೂ ಅದು ಸರಿ. ಗೋಡೆ ನಿಲ್ಲುತ್ತದೆಯೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಎರೆಭೂಮಿ ಎಂದಾಕ್ಷಣ ಸೈಟನ್ನೇ ಬಿಡಬೇಕಿಲ್ಲ. ಎರೆಮಣ್ಣಿನ ಪದರ ತೆಳುವಾಗಿದ್ದರೆ ಅದನ್ನು ತೆಗೆದು ಗರಸಿನ ಮೇಲೆಯೇ ಪಾಯ ಹಾಕುತ್ತಾರೆ. ಆಳವಾಗಿದ್ದರೆ ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಅಂಡರ್‌ರೀಮ್ಡ್ ಪೈಲ್‌ಗಳಿವೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ಈ ವಿಧಾನದಲ್ಲಿ, ಆಳವಾದ ಎರೆಮಣ್ಣಿದ್ದರೆ ಪೈಲ್ ಕನಿಷ್ಠ 3.5 ಮೀಟರ್ ಇಳಿಯಬೇಕು. ಮಳೆ, ಬಿಸಿಲಿಗೆ ಮಣ್ಣು ಉಬ್ಬಿ ಕುಗ್ಗುವ ಪದರವನ್ನು ದಾಟಬೇಕಲ್ಲ! ಖರ್ಚು ಹೆಚ್ಚುತ್ತದೆ, ನಿಜ. ಆ ಲೆಕ್ಕ ಸೈಟಿನ ಬೆಲೆ ಮಾತಾಡುವಾಗಲೇ ಕೈಯಲ್ಲಿದ್ದರೆ ಚೌಕಾಸಿಗೂ ಅನುಕೂಲ.

ಮನೆ ಕಟ್ಟಿದ ಮೇಲೂ ಮಾಳಿಗೆಯ ನೀರು, ಬಚ್ಚಲ ನೀರು ಪಾಯದ ಬುಡದಲ್ಲಿ ನಿಲ್ಲದಂತೆ ನೋಡಿಕೊಳ್ಳಿ. ದಿನವೂ ನೀರು ಹಾಯಿಸುವ ಹೂವಿನ ಮಡಿ, ದೊಡ್ಡ ಮರ ಗೋಡೆಗೆ ಒತ್ತಿ ಬೇಡ.

ಒಟ್ಟಿನಲ್ಲಿ: ಗುಂಡಿ ಪರೀಕ್ಷೆ ಸಡಿಲ ಮಣ್ಣಿನ ಸುಳಿವು ಕೊಡಬಹುದು, ಉಬ್ಬುವ ಮಣ್ಣನ್ನು ಹಿಡಿಯಲಾರದು. ಆ ಸಂದೇಶ ನಿಮಗೆ ಮತ್ತೆ ಬಂದರೆ, ಕಳಿಸಿದವರಿಗೆ ಈ ಮಾತನ್ನೂ ಕಳಿಸಿ. ಅವರು ಇನ್ನೂ ಮುಂಗಡ ಕೊಟ್ಟಿರಲಿಕ್ಕಿಲ್ಲ.