ಫಾರ್ಮ್ ತುಂಬದ ಅಜ್ಜಿ ಮತ್ತು ನಮ್ಮ ಬಡಾವಣೆಯ ಕೈತೋಟ ಮೇಳ

ಶನಿವಾರ ಸಂಜೆ ಆರು ಗಂಟೆ. ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ 43 ಜನ ಇದ್ದರು. ‘ನಾಳೆ ಮೇಳ, ಇವತ್ತು ಟೇಬಲ್ ಜೋಡಿಸೋಕೆ ಯಾರ್ಯಾರು ಬರ್ತೀರಿ?’ ಅಂತ ನಾನು ಹಾಕಿದ್ದ ಮೆಸೇಜಿಗೆ 31 ಹೆಬ್ಬೆರಳು ಬಿದ್ದಿದ್ದವು. ಛತ್ರದ ಬಾಗಿಲಿಗೆ ಬಂದು ನಿಂತವರು ಏಳು ಜನ. ಅದರಲ್ಲಿ ಒಬ್ಬರು ಛತ್ರದ ವಾಚ್‌ಮನ್.

ಇದು ಎರಡು ವರ್ಷದ ಹಿಂದಿನ ಮಾತು. ದಕ್ಷಿಣ ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಮೊದಲ ಸಲ ಕೈತೋಟ ಮೇಳ ಮಾಡೋಕೆ ಹೊರಟಿದ್ದೆವು. ಹೊರಟವರು ಯಾರು ಅಂದರೆ, ಲಾಕ್‌ಡೌನ್ ಕಾಲದಲ್ಲಿ ತಾರಸಿ ಮೇಲೆ ನಾಲ್ಕು ಗ್ರೋ ಬ್ಯಾಗ್ ಇಟ್ಟು, ಈಗ ಪಕ್ಕದ ಮನೆಯವರಿಗೆ ಬಲವಂತವಾಗಿ ಬಸಳೆ ಸೊಪ್ಪು ಹಂಚುವ ಹಂತ ತಲುಪಿದ್ದ ನಾನು, ನನ್ನಂಥವರೇ ಇನ್ನೂ ಐದಾರು ಜನ. ಒಬ್ಬರ ಮನೆಯಲ್ಲಿ ಹತ್ತು ಮೆಣಸಿನ ಸಸಿ ಹೆಚ್ಚಾಗಿದ್ದರೆ, ಎದುರುಮನೆಯವರು ಅದೇ ಸಸಿಯನ್ನ ದುಡ್ಡು ಕೊಟ್ಟು ಆನ್‌ಲೈನಲ್ಲಿ ತರಿಸುತ್ತಿದ್ದರು. ಇಷ್ಟೇ ನಮ್ಮ ‘ಪ್ರಾಬ್ಲಂ ಸ್ಟೇಟ್‌ಮೆಂಟ್’.

ಹೊಸ ಐಡಿಯಾ ಏನೂ ಅಲ್ಲ ಬಿಡಿ. ಬೆಂಗಳೂರಿನಲ್ಲಿ ‘ಊಟ ಫ್ರಮ್ ಯುವರ್ ತೋಟ’ ಅನ್ನೋ ತಾರಸಿ ತೋಟಗಾರರ ಸಂತೆ 2011ರಲ್ಲೇ ಶುರುವಾಗಿ ಬೇರೆ ಬೇರೆ ಬಡಾವಣೆಗಳಲ್ಲಿ ನಡೆದಿದೆ. ಅದರ ಹಿಂದಿದ್ದ ಡಾ. ಬಿ.ಎನ್. ವಿಶ್ವನಾಥ್ ಅವರು ವೃತ್ತಿಯಿಂದ ಕೀಟಶಾಸ್ತ್ರಜ್ಞರು. ನಗರದ ಎಷ್ಟೋ ಜನಕ್ಕೆ ತಾರಸಿ ಮೇಲೆ ತರಕಾರಿ ಬೆಳೆಯೋದು ಕಲಿಸಿದವರು. ನಾವು ಮಾಡಿದ್ದು ಅದರ ಪುಟಾಣಿ ರೂಪ: ನಮ್ಮ ಹದಿನಾಲ್ಕು ಕ್ರಾಸ್‌ಗಳಿಗೆ ಮಾತ್ರ, ಒಂದು ಭಾನುವಾರ, ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ. ಮಾರಾಟ ಇಲ್ಲ, ಬರೀ ಕೊಡು-ಕೊಳ್ಳು.

ಜಾಗದ ಸಮಸ್ಯೆ ಬಗೆಹರಿಸಿದ್ದು ಅರಸೀಕೆರೆಯಲ್ಲಿರುವ ನನ್ನ ಅಮ್ಮ. ಫೋನಲ್ಲಿ ಗೋಳು ಹೇಳಿಕೊಳ್ಳುತ್ತಿದ್ದೆ. ‘ಆಷಾಢದಲ್ಲಿ ಮಾಡ್ರೋ, ಛತ್ರ ಎಲ್ಲಾ ಖಾಲಿ ಹೊಡೀತಿರ್ತವೆ’ ಅಂದಳು. ಎಂಥಾ ಮಾತು! ಮದುವೆ ಇಲ್ಲದ ತಿಂಗಳು; ಛತ್ರದವರು ಕರೆಂಟಿನ ಖರ್ಚು, ಕ್ಲೀನಿಂಗ್ ದುಡ್ಡು ಮಾತ್ರ ತಗೊಂಡು ಕೊಟ್ಟರು. ಶಾಮಿಯಾನದವರೂ ಕುರ್ಚಿ-ಟೇಬಲ್‌ಗೆ ಅರ್ಧ ಬಾಡಿಗೆ ಅಂದರು. ಮಳೆ ಹಿಡಿದ ಕಾಲ, ಬಿತ್ತನೆಗೂ ಸರಿಯಾದ ಸಮಯ. ನೀವು ಇಂಥದ್ದೇನಾದರೂ ಮಾಡೋದಿದ್ದರೆ ಆಷಾಢವನ್ನ ನೆನಪಿಡಿ.

ಇಷ್ಟಾದ ಮೇಲೆ ನಾನು ಮಾಡಿದ ದೊಡ್ಡ ತಪ್ಪಿನ ವಿಷಯಕ್ಕೆ ಬರ್ತೀನಿ.

ಸಾಫ್ಟ್‌ವೇರ್ ಇಂಜಿನಿಯರ್ ಕೈಗೆ ಮೇಳ ಕೊಟ್ಟರೆ ಅವನು ಮೊದಲು ಏನು ಮಾಡ್ತಾನೆ? ಗೂಗಲ್ ಫಾರ್ಮ್ ಮಾಡ್ತಾನೆ. ನಾನೂ ಮಾಡಿದೆ. ಹೆಸರು, ಕ್ರಾಸ್, ‘ನೀವು ಏನು ತರುತ್ತೀರಿ’, ‘ನಿಮಗೆ ಏನು ಬೇಕು’. ಕೆಳಗೆ ಕ್ಯೂಆರ್ ಕೋಡ್. ಹತ್ತು ದಿನದಲ್ಲಿ 140 ಜನ ತುಂಬಿದರು. ಕುಣಿದಾಡಿಬಿಟ್ಟೆ. ಆಮೇಲೆ ಶೀಟ್ ತೆಗೆದು ನೋಡಿದರೆ, ‘ಬೇಕು’ ಕಾಲಂನಲ್ಲಿ ಸೊಪ್ಪು, ಟೊಮೇಟೊ, ಸ್ಟ್ರಾಬೆರಿ, ಅವಕಾಡೊ ಎಲ್ಲ ಇದೆ. ‘ತರುತ್ತೀನಿ’ ಕಾಲಂನಲ್ಲಿ ಏನಾದರೂ ಬರೆದವರು ಆರೇ ಜನ. ಅದರಲ್ಲಿ ಇಬ್ಬರು ಬರೆದಿದ್ದು ‘ಉತ್ಸಾಹ’ ಅಂತ.

ಬೀಜ ಇದ್ದವರು ಫಾರ್ಮ್ ತುಂಬುವವರಲ್ಲ, ಇದು ನನಗೆ ಹೊಳೆಯಲೇ ಇಲ್ಲ. ನಮ್ಮ ಗುಂಪಿನಲ್ಲಿದ್ದ ನಿವೃತ್ತ ಕೃಷಿ ಅಧಿಕಾರಿಯೊಬ್ಬರು, ನಾವು ಸರ್ ಅಂತಲೇ ಕರೆಯೋದು, ಒಂದು ಸಂಜೆ ನನ್ನನ್ನ ಕರ್ಕೊಂಡು ಕ್ರಾಸ್ ಕ್ರಾಸ್ ಸುತ್ತಿಸಿದರು. ‘ಫೋನ್ ನೋಡಬೇಡ, ಕಾಂಪೌಂಡ್ ನೋಡು’ ಅಂದರು. ನೋಡ್ತಾ ಹೋದರೆ ಏಳನೇ ಕ್ರಾಸ್‌ನಲ್ಲಿ ಆಟೊ ಓಡಿಸುವವರ ಶೀಟಿನ ಮನೆ ಮೇಲೆ ಕುಂಬಳ ಹಬ್ಬಿದೆ. ಹೂ ಕಟ್ಟಿ ಮಾರುವ ಅಕ್ಕನ ಮನೆ ಮುಂದೆ ಹಳೇ ಬಣ್ಣದ ಡಬ್ಬಗಳಲ್ಲಿ ಕನಕಾಂಬರ. ಕಟ್ಟುತ್ತಿರುವ ಕಟ್ಟಡವೊಂದರ ಕಾವಲಿಗಿದ್ದ ಸಂಸಾರ ಮರಳಿನ ರಾಶಿ ಪಕ್ಕ ದಂಟು, ಹರಿವೆ ಹಾಕಿಕೊಂಡಿದೆ. ದಿನಾ ಬೈಕಲ್ಲಿ ಇದೇ ದಾರೀಲಿ ಆಫೀಸಿಗೆ ಹೋಗುವ ನನಗೆ ಇದ್ಯಾವುದೂ ಕಂಡಿರಲಿಲ್ಲ.

ಮೂರನೇ ಕ್ರಾಸ್‌ನ ಹಳೇ ಹಂಚಿನ ಮನೆಯಲ್ಲಿ ಒಬ್ಬ ಅಜ್ಜಿ. ಬೀಜ ಇದೆಯಾ ಅಂತ ಕೇಳಿದ್ದಕ್ಕೆ ಒಳಗಿನಿಂದ ಒಂದು ಹಾರ್ಲಿಕ್ಸ್ ಬಾಟಲಿ ತಂದರು. ಬೂದಿ ಬೆರೆಸಿಟ್ಟ ಚಪ್ಪರದವರೆ ಬೀಜ. ಮಾಗಡಿ ಕಡೆಯ ತವರುಮನೆಯಿಂದ ಮದುವೆಯಾದ ವರ್ಷ ತಂದು, ಅವತ್ತಿಂದ ಪ್ರತಿ ವರ್ಷ ಹಾಕಿ ತೆಗೆದಿದ್ದಂತೆ. ಕಾಯಿ ಹಸಿರು, ಅಂಚು ಮಾತ್ರ ನೇರಳೆ.

‘ಈ ಸಲ ನಾನು ಹಾಕಲ್ಲ ಕಣಪ್ಪ. ಶ್ರಾವಣದಲ್ಲಿ ಮನೆ ಒಡೀತಾರೆ. ಮಗನ ಫ್ಲಾಟಿಗೆ ಹೋಗ್ತೀನಿ, ಅಲ್ಲಿ ಬಿಸಿಲೇ ಬೀಳಲ್ಲ. ಪೂರ್ತಿ ತಗೊಂಡ್ಹೋಗು.’

ಬೇಡ ಅಜ್ಜಿ, ನೀವೇ ಬಂದು ಕೊಡಿ ಅಂದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. ‘ತಗೊಂಡೋರು ಹಾಕ್ತಾರಾ?’

ಆ ಪ್ರಶ್ನೆಯಿಂದಲೇ ನಮ್ಮ ಮೇಳದ ಲೆಕ್ಕದ ಪುಸ್ತಕ ಹುಟ್ಟಿದ್ದು. ಹಳ್ಳಿಗಳ ಬೀಜ ಬ್ಯಾಂಕುಗಳಲ್ಲಿ ಒಂದು ಪದ್ಧತಿ ಇದೆ: ಬೀಜ ಒಯ್ದವರು ಬೆಳೆ ಬಂದ ಮೇಲೆ ಎರಡರಷ್ಟು ವಾಪಸ್ ತರಬೇಕು. ಸರ್ ಹೇಳಿದರು, ನಾವು ಹಾಗೇ ಇಟ್ಟುಕೊಂಡೆವು. ಸ್ಪ್ರೆಡ್‌ಶೀಟ್ ಬೇಡ, ಉದ್ದನೆಯ ರಟ್ಟಿನ ಪುಸ್ತಕ. ಹೆಸರು, ಫೋನ್ ನಂಬರ್, ಬೀಜ, ಎಷ್ಟು, ಸಹಿ. ಸಹಿ ಹಾಕುವಾಗ ಮನುಷ್ಯ ಒಂದು ಕ್ಷಣ ಯೋಚನೆ ಮಾಡ್ತಾನೆ. ‘ಐ ಅಗ್ರೀ’ ಒತ್ತುವಾಗ ಮಾಡಲ್ಲ.

ಎರಡು ವಾರ ಮುಂಚೆ ಬೀಜಗಳ ಪರೀಕ್ಷೆಯೂ ಆಯ್ತು. ಇದು ತುಂಬಾ ಸುಲಭ, ಮನೆಯಲ್ಲೇ ಮಾಡಬಹುದು. ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಬಟ್ಟೆ ಒಣಗದ ಹಾಗೆ ನೋಡಿಕೊಳ್ಳಿ, ವಾರದೊಳಗೆ ಎಷ್ಟು ಮೊಳಕೆ ಬಂತು ಎಣಿಸಿ. ಆರಕ್ಕಿಂತ ಕಮ್ಮಿ ಬಂದಿದ್ದನ್ನ ನಾವು ಮೇಳಕ್ಕೆ ಇಡಲಿಲ್ಲ. ಅಜ್ಜಿಯ ಅವರೆ ಹತ್ತಕ್ಕೆ ಒಂಬತ್ತು. ನಾನು ಅಂಗಡಿಯಲ್ಲಿ ಕೊಂಡಿದ್ದ ಚಂದದ ಪ್ಯಾಕೆಟ್ಟಿನ ಪಾಲಕ್ ಹತ್ತಕ್ಕೆ ಎರಡು.

ಸರಿ, ಮತ್ತೆ ಶನಿವಾರ ಸಂಜೆಗೆ. ಏಳು ಜನ ಸೇರಿ ರಾತ್ರಿ ಹನ್ನೊಂದರವರೆಗೆ ಟೇಬಲ್ ಎಳೆದಾಡಿದೆವು. ಆಗ ಕಲಿತ ಪಾಠ: ‘ಯಾರಾದ್ರೂ ಬನ್ನಿ’ ಅಂತ ಗುಂಪಿಗೆ ಕೇಳಿದರೆ ಯಾರೂ ಬರಲ್ಲ. ‘ನೀವು ಹತ್ತರಿಂದ ಹನ್ನೆರಡು ಗಂಟೆವರೆಗೆ ಕಡ್ಡಿ ಕೌಂಟರ್‌ನಲ್ಲಿ ಕೂರಬೇಕು’ ಅಂತ ಒಬ್ಬೊಬ್ಬರಿಗೇ ಫೋನ್ ಮಾಡಿದರೆ ಬರ್ತಾರೆ. ಅವತ್ತು ರಾತ್ರಿ ಊಟ ಬಿಟ್ಟು 24 ಫೋನ್ ಮಾಡಿದೆ, 19 ಜನ ಒಪ್ಪಿಕೊಂಡರು, 18 ಜನ ಬಂದರು. ಎರಡು ಗಂಟೆಗಿಂತ ಹೆಚ್ಚಿನ ಪಾಳಿ ಯಾರಿಗೂ ಹಾಕಲಿಲ್ಲ. ಸಂಬಳ ಇಲ್ಲದ ಕೆಲಸದಲ್ಲಿ ಜನ ಸಿಟ್ಟಾಗೋದು ಕೆಲಸ ಜಾಸ್ತಿ ಅಂತಲ್ಲ, ಯಾವಾಗ ಮುಗಿಯುತ್ತೆ ಗೊತ್ತಿಲ್ಲ ಅಂತ.

ಇನ್ನೊಂದು ವಿಷಯಕ್ಕೆ ಜಗಳವೇ ಆಯ್ತು. ಪೇಪರ್ ಕಪ್ ಬೇಡ, ಸ್ಟೀಲ್ ಲೋಟ ಅಂತ ಎಲ್ಲರೂ ಚಪ್ಪಾಳೆ ತಟ್ಟಿ ಒಪ್ಪಿದ್ದರು. ಲೋಟ ತೊಳೆಯೋರು ಯಾರು ಅಂದಾಗ ಗಂಡಸರೆಲ್ಲ ಬೋರ್ಡ್ ಕಟ್ಟೋಕೆ ಹೋದರು. ‘ನಾವೇನು ಇಲ್ಲಿಗೂ ಪಾತ್ರೆ ತೊಳೆಯೋಕೆ ಬಂದಿದ್ದೀವಾ?’ ಅಂತ ಬ್ಯಾಂಕ್‌ನಲ್ಲಿ ಕೆಲಸ ಮಾಡುವ ಮೇಡಂ ಒಬ್ಬರು ನೇರವಾಗಿ ಕೇಳಿದರು. ಚೀಟಿ ಎತ್ತಿದೆವು. ಮೊದಲ ಚೀಟಿಯಲ್ಲೇ ನನ್ನ ಹೆಸರು ಬಂತು. ಆಗಬೇಕಾದ್ದೇ.

ಭಾನುವಾರ ಆಷಾಢದ ಗಾಳಿ ನಮ್ಮ ಮೇಲೆ ಸೇಡು ತೀರಿಸಿಕೊಂಡಿತು. ಛತ್ರದ ಅಂಗಳದಲ್ಲಿ ಸಸಿ ಜೋಡಿಸಿ, ಐಸ್‌ಕ್ರೀಮ್ ಕಡ್ಡಿಗಳಿಗೆ ಪೇಪರ್ ಅಂಟಿಸಿ ಹೆಸರು ಬರೆದಿದ್ದೆವು. ಒಂಬತ್ತೂವರೆಗೆ ಒಂದು ಗಾಳಿ, ಹಿಂದೆಯೇ ತುಂತುರು. ಹೆಸರೆಲ್ಲ ಹಾರಿಹೋಗಿ, ಬದನೆ ಯಾವುದು, ಮೆಣಸು ಯಾವುದು ಗೊತ್ತಿಲ್ಲದ ಇನ್ನೂರು ಸಸಿ ಉಳಿದವು. ಹೂ ಮಾರುವ ಅಕ್ಕ ಬಂದು ಕೂತು, ಎಲೆ ಮುಟ್ಟಿ ಮುಟ್ಟಿ ಮುಕ್ಕಾಲು ಗಂಟೆಯಲ್ಲಿ ಎಲ್ಲವನ್ನೂ ಬೇರೆ ಮಾಡಿ ಇಟ್ಟರು. ಬದನೆ ಎಲೆ ನುಣುಪಲ್ಲ, ಒರಟು ಅಂತ ಅವತ್ತು ನನಗೂ ಗೊತ್ತಾಯ್ತು. ಈಗ ನಾವು ಕುಂಡದ ಮೇಲೇ ಪೆನ್ಸಿಲ್‌ನಲ್ಲಿ ಬರೀತೀವಿ. ಪೆನ್ಸಿಲ್ ನೀರಿಗೆ ಅಳಿಸಲ್ಲ.

ಹನ್ನೊಂದು ಗಂಟೆಗೆ ಒಬ್ಬ ಅಂಕಲ್ ಖುಷಿಯಿಂದ ಒಂದು ಡಬ್ಬಿ ಟೊಮೇಟೊ ಬೀಜ ತಂದರು. ಅರ್ಕಾ ರಕ್ಷಕ್, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿ. ಅವರ ಗಿಡದಲ್ಲಿ ಕಾಯಿ ಗೊಂಚಲು ಗೊಂಚಲಾಗಿ ಬಂದಿತ್ತಂತೆ, ಅದರದ್ದೇ ಬೀಜ ತೆಗೆದಿದ್ದರು. ಸರ್ ಮೆಲ್ಲಗೆ ವಿವರಿಸಿದರು: ಅದು ಎಫ್-1 ಹೈಬ್ರಿಡ್. ಎರಡು ಬೇರೆ ಬೇರೆ ತಾಯಿ-ತಂದೆ ಗಿಡ ಕೂಡಿಸಿ ಮಾಡಿದ ಬೀಜ. ಅದರ ಹಣ್ಣಿನಿಂದ ನಾವು ಬೀಜ ತೆಗೆದು ಹಾಕಿದರೆ ಮಕ್ಕಳು ಒಂದೊಂದು ಒಂದೊಂದು ಥರ ಆಗ್ತವೆ, ಆ ರೋಗ ತಡೆಯುವ ಗುಣ ಎಲ್ಲದರಲ್ಲೂ ಇರಲ್ಲ. ಅದೇ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆಯಾದರೆ ಹೈಬ್ರಿಡ್ ಅಲ್ಲ, ಬೀಜ ಇಟ್ಟುಕೊಳ್ಳಬಹುದು. ಅಂಕಲ್ ಮುಖ ಸಪ್ಪಗಾಯ್ತು. ಡಬ್ಬಿಗೆ ‘ಪ್ರಯೋಗಕ್ಕೆ’ ಅಂತ ಚೀಟಿ ಹಚ್ಚಿ ಇಟ್ಟೆವು. ಸಂಜೆ ಹೊತ್ತಿಗೆ ಅದೇ ಮೊದಲು ಖಾಲಿಯಾಗಿತ್ತು, ಇಂಜಿನಿಯರ್‌ಗಳು ಜಾಸ್ತಿ ಇರುವ ಬಡಾವಣೆ ನೋಡಿ.

ಅಜ್ಜಿ ಬೆಳಿಗ್ಗೆಯಿಂದ ಅಲ್ಲಾಡಲಿಲ್ಲ. ನೋಟ್‌ಬುಕ್ ಹಾಳೆಯಲ್ಲಿ ಎಂಟೆಂಟು ಬೀಜ ಕಟ್ಟಿದ 26 ಪೊಟ್ಟಣ. ತಗೊಳ್ಳೋರನ್ನ ಇಂಟರ್‌ವ್ಯೂ ಮಾಡ್ತಿದ್ದರು. ‘ಬಿಸಿಲು ಬೀಳುತ್ತಾ? ಹಬ್ಬೋಕೆ ಏನಿದೆ? ಹಗ್ಗ ಕಟ್ತೀಯಾ?’ ಬಾಲ್ಕನಿ ಇಲ್ಲದ ಒಬ್ಬ ಹುಡುಗನಿಗೆ ಕೊಡಲೇ ಇಲ್ಲ, ಅವನು ಒಂದೆಲಗ ತಗೊಂಡು ಹೋದ. ಮಧ್ಯಾಹ್ನಕ್ಕೆ 26 ಸಹಿ ಬಿತ್ತು. ಬಾಟಲಿ ತೊಳೆದು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದರು. ತಮಗೆ ಅಂತ ಒಂದು ಬೀಜವನ್ನೂ ಇಟ್ಟುಕೊಳ್ಳಲಿಲ್ಲ.

ಅಕ್ಟೋಬರ್ ಹೊತ್ತಿಗೆ ಗುಂಪಿನಲ್ಲಿ ಒಂದೇ ದೂರು: ‘ಬಳ್ಳಿ ಎರಡನೇ ಮಹಡಿ ಮುಟ್ಟಿದೆ, ಒಂದು ಹೂವಿಲ್ಲ. ಬೀಜ ಸರಿ ಇಲ್ಲ.’ ಅಜ್ಜಿಗೆ ಫೋನ್ ಮಾಡಿದೆ. ‘ದೀಪಾವಳಿ ಕಳೀಲಿ ಕಣಪ್ಪ, ಅವಸರ ಯಾಕೆ’ ಅಂದರು. ಸರ್ ಹೇಳಿದ ಶಾಸ್ತ್ರ ಅದನ್ನೇ ಹೇಳುತ್ತೆ. ಹಳೇ ಅವರೆ ತಳಿಗಳು ಹಗಲು ಗಿಡ್ಡವಾಗಿ ರಾತ್ರಿ ಉದ್ದವಾದ ಮೇಲೇ ಹೂ ಬಿಡೋದು. ವರ್ಷವಿಡೀ ಕಾಯಿ ಬಿಡಲಿ ಅಂತಲೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳ ಅವರೆ ತಳಿಗಳನ್ನ ಮಾಡಿದ್ದು, ಅವಕ್ಕೆ ಈ ಹಗಲು-ರಾತ್ರಿಯ ಲೆಕ್ಕ ಇಲ್ಲ. ಅಜ್ಜಿಯ ಅವರೆಗೆ ಇದೆ. ನವೆಂಬರ್‌ನಲ್ಲಿ ನೇರಳೆ ಹೂವಿನ ಫೋಟೊ ಒಂದಾದ ಮೇಲೊಂದು ಬಂದವು.

ಮುಂದಿನ ಆಷಾಢದಲ್ಲಿ ಎರಡನೇ ಮೇಳ. ರಟ್ಟಿನ ಪುಸ್ತಕ ತೆಗೆದು 26 ಜನಕ್ಕೂ ಫೋನ್ ಮಾಡಿದೆ. ಒಂಬತ್ತು ಜನ ಬಿತ್ತಿಯೇ ಇರಲಿಲ್ಲ. ಕೆಲವರದ್ದು ಹೇನು ಹತ್ತಿ ಹೋಗಿತ್ತು. ಒಬ್ಬರು ಪ್ರಾಮಾಣಿಕವಾಗಿ ‘ಪಲ್ಯ ಎಷ್ಟು ಚೆನ್ನಾಗಿತ್ತು ಅಂದ್ರೆ, ಬೀಜಕ್ಕೆ ಬಿಡೋದೇ ಮರೆತೋಯ್ತು’ ಅಂದರು. ವಾಪಸ್ ತಂದವರು ನಾಲ್ಕೇ ಜನ.

ಅಜ್ಜಿಯನ್ನ ಫ್ಲಾಟಿನಿಂದ ಆಟೊದಲ್ಲಿ ಕರೆಸಿದ್ದೆವು. ನಾಲ್ಕು ಪೊಟ್ಟಣ ಮುಂದಿಟ್ಟೆ. ಒಂದನ್ನ ಬಿಚ್ಚಿ ನೋಡಿ, ‘ಇದು ನಮ್ದಲ್ಲ, ಅಂಗಡೀದು’ ಅಂತ ಪಕ್ಕಕ್ಕೆ ತಳ್ಳಿದರು. ತಂದವರು ಮಾತಾಡಲಿಲ್ಲ. ಎರಡು ಪೊಟ್ಟಣದಲ್ಲಿ ಹದಿನಾರು ಹದಿನಾರು, ಲೆಕ್ಕಕ್ಕೆ ಸರಿ. ನಾಲ್ಕನೆಯದು ಏಳನೇ ಕ್ರಾಸ್‌ನ ಆಟೊ ಅಣ್ಣನ ಹೆಂಡತಿ ತಂದಿದ್ದು, ಪೊಟ್ಟಣ ಅಲ್ಲ, ಚೀಲ. ಅರ್ಧ ಕೇಜಿಯ ಮೇಲಿತ್ತು. ಶೀಟಿನ ಮೇಲೆ ಕುಂಬಳದ ಜೊತೆ ಅವರೆ ಹಬ್ಬಿಸಿದ್ದರಂತೆ. ಅಜ್ಜಿ ಒಂದು ಹಿಡಿ ಅಂಗೈಲಿ ಹಾಕಿಕೊಂಡು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ‘ಬೂದಿ ಹಾಕಿಲ್ವಾ? ಹುಳ ಬೀಳುತ್ತೆ’ ಅಂತ ಆಕೆಗೆ ಬೈದರು.

ಹೊರಡುವಾಗ ಪುಸ್ತಕ ತಮ್ಮ ಕಡೆಗೆ ಎಳೆದುಕೊಂಡರು. ‘ನನ್ನ ಹೆಸರೂ ಬರ್ಕೋ. ಎಂಟು ಬೀಜ.’ ಬಿಸಿಲಿಲ್ಲ ಅಂದಿದ್ರಲ್ಲ ಅಜ್ಜಿ ಅಂದೆ. ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಹುಡುಗನ ಹತ್ತಿರ ಮಾತಾಡಿದ್ದಾರಂತೆ, ಜನರೇಟರ್ ಪಕ್ಕದ ಬೇಲಿಗೆ ಮಧ್ಯಾಹ್ನದವರೆಗೂ ಬಿಸಿಲು ಬೀಳುತ್ತಂತೆ.

ಈ ಆಷಾಢಕ್ಕೂ ಛತ್ರ ಬುಕ್ ಆಗಿದೆ. ಅಜ್ಜಿಯ ಹೆಸರಿನ ಮುಂದೆ ಹದಿನಾರು ಬಾಕಿ ಇದೆ, ನಿನ್ನೆ ಫೋನ್ ಮಾಡಿದಾಗ ‘ತರ್ತೀನಿ, ನೀನು ಲೋಟ ತೊಳಿ’ ಅಂದರು. ಲೋಟದ ಕೌಂಟರ್‌ಗೆ ಇನ್ನೂ ಇಬ್ಬರು ಬೇಕು. ಗುಂಪಿಗೆ ಹಾಕಿಲ್ಲ, ಒಬ್ಬೊಬ್ಬರಿಗೇ ಫೋನ್ ಮಾಡ್ತಾ ಇದ್ದೀನಿ.